ವರ್ಜಿಲ್‌ನ ಕುರಿಗಾಹಿ ಕವನಗಳಲ್ಲಿ ಬರೀ ಸುಖವೇ?

ವರ್ಜಿಲ್ ಪ್ರಾಚೀನ ರೋಮಿನ ಕವಿ; ಎಕ್ಲೋಗ್ಸ್ ಅವನ ಕುರಿಗಾಹಿ ಕವನಗಳ ಸಂಕಲನ. ‘ವರ್ಜಿಲ್‌ನ ಎಕ್ಲೋಗ್ಸ್ ಅಂದ್ರೆ ನೆರಳು, ಕೊಳಲು, ಚಿಂತೆಯಿಲ್ಲದ ಹಳ್ಳಿ’ ಎಂಬ ಮಾತು ಹರಿದಾಡುತ್ತಿದೆ. ಇದು ಅರ್ಧ ಸತ್ಯ. ನೆರಳೂ ಇದೆ, ಕೊಳಲೂ ಇದೆ. ಆದರೆ ಮೊದಲ ಕವನದಲ್ಲೇ ಒಬ್ಬ ಊರು ಬಿಟ್ಟು ಹೊರಟಿದ್ದಾನೆ.

ಅವನು ಮೆಲಿಬೀಯಸ್. ರೋಮನ್ನರ ಅಂತರ್ಯುದ್ಧದಲ್ಲಿ ನಡೆದ ಕ್ರಿ.ಪೂ. 42ರ ಫಿಲಿಪ್ಪಿ ಕಾಳಗದ ನಂತರ ಸೈನಿಕರಿಗೆ ಹಂಚಲು ಇಟಲಿಯ ರೈತರ ಜಮೀನು ಕಿತ್ತುಕೊಂಡರು. ಅವನ ಹೊಲವೂ ಹೋಯಿತು. ಒಂದು ಮೇಕೆಯನ್ನು ಎಳೆದುಕೊಂಡೇ ನಡೆಯುತ್ತಾನೆ. ಈಗಷ್ಟೇ ಅದು ಹೇಝಲ್ ಪೊದೆಗಳ ನಡುವೆ, ಬರೀ ಕಲ್ಲಿನ ಮೇಲೆ, ಅವಳಿ ಮರಿ ಹಾಕಿದೆ. ಮಂದೆಯ ಭರವಸೆಯಾಗಿದ್ದ ಆ ಮರಿಗಳನ್ನು ಅಲ್ಲೇ ಬಿಟ್ಟು ಬಂದಿದ್ದಾನೆ. ಓದಿದರೆ ಹೊಟ್ಟೆ ಚುರ್ ಅನ್ನುತ್ತದೆ. ಇದನ್ನು ಚಿಂತೆಯಿಲ್ಲದ ಹಳ್ಳಿ ಅನ್ನೋಕಾಗುತ್ತಾ?

ಅದೇ ಕವನದಲ್ಲಿ ಜಮೀನು ಉಳಿಸಿಕೊಂಡ ಇನ್ನೊಬ್ಬ ಕುರಿಗಾಹಿ ಟಿಟಿರಸ್‌ನದೂ ನಂದನವನವೇನಲ್ಲ. ಅವನ ಹುಲ್ಲುಗಾವಲಿನ ತುಂಬ ಬೋಳು ಕಲ್ಲು, ಕೆಸರು, ಜೊಂಡು. ಬೇಲಿಯ ವಿಲೋ ಹೂಗಳಿಗೆ ಜೇನುನೊಣ ಬರುವುದೂ ಅಲ್ಲೇ. ವರ್ಜಿಲ್ ಎರಡನ್ನೂ ಒಟ್ಟಿಗೆ ಇಡುತ್ತಾನೆ. ನನಗೆ ಜಾಸ್ತಿ ಇಷ್ಟವಾಗುವುದು ಇದೇ.

‘ಎಲ್ಲವೂ ಗ್ರೀಸಿನ ಆರ್ಕೇಡಿಯಾದಲ್ಲಿ ನಡೆಯುತ್ತದೆ’ ಎಂಬುದೂ ಸರಿಯಲ್ಲ. ಆರ್ಕೇಡಿಯಾದ ಹೆಸರು ಬರುತ್ತದೆ, ನಿಜ. ಆದರೆ ಏಳನೇ ಕವನದಲ್ಲಿ ಆರ್ಕೇಡಿಯಾದವರು ಎನಿಸಿಕೊಂಡ ಗಾಯಕರು ಹಾಡುವುದು ಮಿಂಚಿಯೋ ನದಿಯ ದಡದಲ್ಲಿ. ಅದು ಉತ್ತರ ಇಟಲಿಯ ಮಾಂಟುವಾ ಬಳಿ, ವರ್ಜಿಲ್‌ನ ಹುಟ್ಟೂರಿನ ಕಡೆ ಹರಿಯುವ ನದಿ. ಆರ್ಕೇಡಿಯಾವನ್ನು ಕನಸಿನ ನಾಡಾಗಿ ಜನಪ್ರಿಯಗೊಳಿಸಿದ್ದು ಬಹುಮಟ್ಟಿಗೆ ರೆನೆಸಾನ್ಸ್ (ಯುರೋಪಿನ ಪುನರುಜ್ಜೀವನ) ಕಾಲದ ಇಟಲಿಯ ಬರಹಗಾರರು.