ಬೋರ್ಡ್ ಹೋಗಿದೆ ಮೇಡಂ

ಬೆಂಗಳೂರಿನಲ್ಲಿ ಲ್ಯಾಪ್‌ಟಾಪ್ ಕೆಟ್ಟರೆ ಅಯ್ಯೋ ಪಾಪ ಅನ್ನುವವರು ಕಡಿಮೆ. ಏನು ಕೆಟ್ಟಿದೆ ಅಂತ ಹೇಳುವವರು ಜಾಸ್ತಿ. ರಾಜಾಜಿನಗರದ ನಮ್ಮ ಬಿಲ್ಡಿಂಗಿನಲ್ಲಂತೂ ಇಂಜಿನಿಯರ್ ಅಲ್ಲದವರು ಅಂದರೆ ನಾನು, ನಮ್ಮ ಅತ್ತೆ, ಮತ್ತು ಕೆಳಗಡೆ ಇಸ್ತ್ರಿ ಮಾಡುವವರು. ಇಸ್ತ್ರಿಯವರ ಮಗನೂ ಈಗ ಎರಡನೇ ಸೆಮಿಸ್ಟರ್.

ನಾನು ಮನೆಯಲ್ಲೇ ಕೂತು ಸಣ್ಣಪುಟ್ಟ ಅಂಗಡಿಗಳ ಜಿಎಸ್‌ಟಿ ಕೆಲಸ ನೋಡಿಕೊಳ್ಳುತ್ತೇನೆ. ಪ್ರತಿ ತಿಂಗಳು 20ನೇ ತಾರೀಕು 3ಬಿ ರಿಟರ್ನ್, ಅಂದರೆ ಹಿಂದಿನ ತಿಂಗಳ ತೆರಿಗೆ ಲೆಕ್ಕ, ಹಾಕಲು ಕೊನೆಯ ದಿನ. ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಬಾಕಿ ತೆರಿಗೆಯ ಮೇಲೆ ವರ್ಷಕ್ಕೆ 18 ಪರ್ಸೆಂಟ್ ಬಡ್ಡಿ. ದುಡ್ಡು ಅಂಗಡಿಯವರದು, ಬೈಗುಳ ನನಗೆ. ಕೆಡುವುದಕ್ಕೆ ಲ್ಯಾಪ್‌ಟಾಪ್ ಆರಿಸಿಕೊಂಡಿದ್ದು ಸರಿಯಾಗಿ 18ನೇ ತಾರೀಕಿನ ಸಂಜೆಯನ್ನು.

ಬ್ಯಾಟರಿ ಕೆಂಪು ತೋರಿಸಿತು. ಚಾರ್ಜರ್ ಸಿಕ್ಕಿಸಿದೆ. ಚಾರ್ಜರಿನ ಡಬ್ಬಿಯ ಮೇಲೆ ಉರಿಯುತ್ತಿದ್ದ ಪುಟ್ಟ ದೀಪ ಪಟ್ ಅಂತ ಆರಿತು. ಪಿನ್ ತೆಗೆದರೂ ಹತ್ತಲಿಲ್ಲ. ಗೋಡೆಯ ಸ್ವಿಚ್ ಆರಿಸಿ ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಹತ್ತುತ್ತದೆ. ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಕೂಡಲೇ ಮತ್ತೆ ಆರುತ್ತದೆ. ಈ ಆಟ ಆಡುತ್ತಿರುವಾಗಲೇ ಬ್ಯಾಟರಿ ಮುಗಿದು ಲ್ಯಾಪ್‌ಟಾಪ್ ಕಣ್ಣು ಮುಚ್ಚಿತು. ಬಟನ್ ಎಷ್ಟು ಒತ್ತಿದರೂ ಉಸಿರಿಲ್ಲ.

"ಚಾರ್ಜರ್ ಹೋಗಿದೆ," ಅಂದರು ನಮ್ಮವರು, ಸೋಫಾದಿಂದ ಏಳದೆ. ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರ್ ಆಗಿರುವುದರಿಂದ ಅವರಿಗೆ ಎದ್ದು ನೋಡುವ ಅಭ್ಯಾಸ ತಪ್ಪಿಹೋಗಿದೆ. ಹೊಸ ಚಾರ್ಜರ್ ಬಂತು. ಅದರ ದೀಪವೂ ಆರಿತು. "ಹಾಗಾದ್ರೆ ಚಾರ್ಜರ್ ಅಲ್ಲ," ಅಂದರು. 2,000 ರೂಪಾಯಿ ಕೊಟ್ಟು ಕೊಂಡ ಮಾಹಿತಿ ಅದು.

ಮೇಲಿನ ಮನೆಯ ಹುಡುಗ ಸ್ಕ್ರೂಡ್ರೈವರ್ ಸಮೇತ ಇಳಿದು ಬಂದ. ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿದ. ರ‍್ಯಾಮ್ ಬಿಚ್ಚಿ ಅದರ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿದ. ಇದೆಲ್ಲ ಸುಳ್ಳು ಚಿಕಿತ್ಸೆಯೇನಲ್ಲ. ಫ್ಯಾನ್ ತಿರುಗಿ, ದೀಪ ಹತ್ತಿ, ಪರದೆ ಮಾತ್ರ ಕಪ್ಪಾಗಿದ್ದರೆ ಎಷ್ಟೋ ಸಲ ಇದರಿಂದಲೇ ಸರಿ ಹೋಗುತ್ತದೆ. ನಮ್ಮದರಲ್ಲಿ ದೀಪಕ್ಕೇ ಗತಿ ಇರಲಿಲ್ಲ. ಆದರೂ ಉಜ್ಜಿದ. ರಬ್ಬರ್ ಮಗಳದು, ಅವಳಿಗೆ ಅದೇ ಚಿಂತೆ.

"ಆಂಟಿ, ಡೇಟಾ ಎಲ್ಲಾ ಎಸ್‌ಎಸ್‌ಡಿಯಲ್ಲಿ ಸೇಫಾಗಿರತ್ತೆ. ತೆಗೆದು ನನ್ನ ಲ್ಯಾಪ್‌ಟಾಪಿಗೆ ಹಾಕ್ತೀನಿ," ಅಂದ. ಹಾಕಿದ. ಬಿಟ್‌ಲಾಕರ್ ಅನ್ನುವ ವಿಂಡೋಸಿನ ಬೀಗ ಅಡ್ಡ ನಿಂತು 48 ಅಂಕಿಯ ರಿಕವರಿ ಕೀ ಕೊಡಿ ಅಂತು. ಎಸ್‌ಎಸ್‌ಡಿಯ ಬೀಗದ ಕೀ ಇರುವುದು ಮದರ್‌ಬೋರ್ಡಿನ ಟಿಪಿಎಂ ಅನ್ನುವ ಚಿಪ್ಪಿನ ಒಳಗಂತೆ. ಬೇರೆ ಬೋರ್ಡಿಗೆ ಹಾಕಿದರೆ 48 ಅಂಕಿ ಒಪ್ಪಿಸಲೇಬೇಕು. ನಮ್ಮ ಮನೆಯಲ್ಲಿ ಯಾರಿಗೂ ಗ್ಯಾಸ್ ಕನೆಕ್ಷನ್ ನಂಬರ್ರೇ ನೆನಪಿಲ್ಲ. ಆ ಕೀ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುತ್ತದಂತೆ. ಅಕೌಂಟು ತೆರೆಯಲು ಓಟಿಪಿ ಬರುವುದು ನಾನು ಯಾವತ್ತೋ ಬಿಟ್ಟ ಸಿಮ್ಮಿಗೆ.

ಮಾರನೆಯ ದಿನ ಸರ್ವಿಸ್ ಸೆಂಟರ್. ಏಸಿ, ಟೋಕನ್, ಟೈ ಕಟ್ಟಿದ ಹುಡುಗ. ಆತ ಲ್ಯಾಪ್‌ಟಾಪನ್ನು ಒಳಗೆ ಒಯ್ದು, ಟೀ ಕುಡಿಯುವಷ್ಟು ಹೊತ್ತಿಗೆ ಹೊರಗೆ ತಂದ. "ಬೋರ್ಡ್ ಹೋಗಿದೆ ಮೇಡಂ." ಬೋರ್ಡಿನಲ್ಲಿ ಏನು ಹೋಗಿದೆ? "ಬೋರ್ಡೇ ಹೋಗಿದೆ." ಹೊಸ ಬೋರ್ಡಿನ ರೇಟು ಕೇಳಿ ಅತ್ತೆ, "ಅದಕ್ಕೆ ಇನ್ನೊಂದಿಷ್ಟು ಸೇರಿಸಿದ್ರೆ ಹೊಸದೇ ಬರತ್ತಲ್ವಾ," ಅಂದರು. ಆ ಎರಡು ದಿನದಲ್ಲಿ ಕೇಳಿದ ಮೊದಲ ಲೆಕ್ಕದ ಮಾತು.

20ರ ಬೆಳಿಗ್ಗೆ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ಎಸ್.ಪಿ. ರೋಡಿಗೆ ಹೋದೆ. ಅಲ್ಲಿ ಕೇಬಲ್, ಕೀಬೋರ್ಡು, ಸಿಸಿಟಿವಿ ಎಲ್ಲ ರಸ್ತೆಗೇ ಬಂದು ನಿಂತಿರುತ್ತವೆ. "ಏನ್ ಬೇಕು ಮೇಡಂ" ಅನ್ನುವವರನ್ನೆಲ್ಲ ದಾಟಿ ಒಂದು ಕಡಿದಾದ ಮೆಟ್ಟಿಲು ಹತ್ತಿದರೆ, ಬಾಗಿಲಷ್ಟೇ ಅಗಲದ ಅಂಗಡಿ. ಕಣ್ಣಿಗೆ ಮೈಕ್ರೋಸ್ಕೋಪ್ ಹಚ್ಚಿಕೊಂಡು ಒಬ್ಬರು ಕೂತಿದ್ದರು. ನಾನು ಇಡೀ ಪುರಾಣ ಶುರು ಮಾಡಿದೆ. ಅವರು ತಲೆ ಎತ್ತದೆ ಕೇಳಿದರು: "ಚಾರ್ಜರ್ ಲೈಟ್ ಆಫ್ ಆದ್ಮೇಲೂ ಬ್ಯಾಟರಿ ಮೇಲೆ ಓಡ್ತಿತ್ತಾ?"

ಓಡುತ್ತಿತ್ತು. ಬ್ಯಾಟರಿ ಮುಗಿಯುವ ತನಕ ಚೆನ್ನಾಗಿಯೇ ಓಡಿತ್ತು. ಇದನ್ನು ಇಷ್ಟು ಜನರಲ್ಲಿ ಒಬ್ಬರೂ ಕೇಳಿರಲಿಲ್ಲ.

"ಹಂಗಾದ್ರೆ ಬೋರ್ಡ್ ಚೆನ್ನಾಗಿದೆ. ಬಾಗಿಲಲ್ಲೇ ಶಾರ್ಟು," ಅಂದರು.

ಬಿಚ್ಚುತ್ತಾ ಬಿಡಿಸಿ ಹೇಳಿದರು. ಚಾರ್ಜರಿನ 19 ವೋಲ್ಟ್ ಒಳಗೆ ಬಂದ ಮೇಲೆ ಮೊದಲು ಸಿಗುವುದು ಸ್ವಿಚ್ಚಿನ ಕೆಲಸ ಮಾಡುವ ಮಾಸ್ಫೆಟ್‌ಗಳು. ಬ್ಯಾಟರಿಯ ಕರೆಂಟು ಅವುಗಳ ಆಚೆ ಬದಿಯಲ್ಲಿ ಸೇರಿಕೊಳ್ಳುತ್ತದೆ. ಶಾರ್ಟು ಆ ಬದಿಯಲ್ಲಿದ್ದರೆ ಬ್ಯಾಟರಿಯಲ್ಲೂ ಓಡುತ್ತಿರಲಿಲ್ಲ. ಓಡಿದೆ ಅಂದರೆ ಶಾರ್ಟು ಪಿನ್ನಿಗೂ ಮಾಸ್ಫೆಟ್ಟಿಗೂ ನಡುವೆ. ಇನ್ನು ಚಾರ್ಜರಿನ ದೀಪ ಆರುವುದು? ಶಾರ್ಟ್ ಕಂಡ ಚಾರ್ಜರ್ ತನ್ನ ಪ್ರಾಣ ಉಳಿಸಿಕೊಳ್ಳಲು ತಾನೇ ಬಂದ್ ಆಗುತ್ತದೆ. ಅಂದರೆ ನಮ್ಮ ಹಳೇ ಚಾರ್ಜರೂ ಚೆನ್ನಾಗಿತ್ತು. ಇದನ್ನು ಮನೆಯಲ್ಲಿ ಯಾವಾಗ ಹೇಳಬೇಕು ಅಂತ ಮನಸ್ಸಿನಲ್ಲೇ ಮುಹೂರ್ತ ನೋಡಿದೆ.

ಮೀಟರಿನ ಒಂದು ಕಡ್ಡಿ ಗ್ರೌಂಡಿಗೆ, ಇನ್ನೊಂದು ಪಿನ್ನಿನ ಪಕ್ಕಕ್ಕೆ ಇಟ್ಟರು. ಬೀಪ್. ಅಲ್ಲಿ ಬೀಪ್ ಬರಬಾರದು, ಬಂದರೆ ಶಾರ್ಟ್ ಅಂತ ಅರ್ಥ. ಆದರೆ ಆ ಲೈನಿನಲ್ಲಿ ಕೆಪ್ಯಾಸಿಟರ್‌ಗಳು, ಅಂದರೆ ಕರೆಂಟನ್ನು ಕ್ಷಣಹೊತ್ತು ಹಿಡಿದಿಡುವ ಪುಟ್ಟ ಚೂರುಗಳು, ಹಲವು. ಎಲ್ಲವೂ ಪಕ್ಕಪಕ್ಕ, ಎಲ್ಲದರಲ್ಲೂ ಬೀಪ್. ಯಾವುದು ಕಳ್ಳ? ಅವರು ಪವರ್ ಸಪ್ಲೈಯನ್ನು ಬರೀ 1 ವೋಲ್ಟಿಗೆ ಇಳಿಸಿ ಆ ಲೈನಿಗೆ ಕೊಟ್ಟರು, ಮೇಲೆ ಬ್ರಷ್‌ನಿಂದ ಆಲ್ಕೋಹಾಲ್ ಸವರಿದರು. ಅಷ್ಟು ಕಡಿಮೆ ವೋಲ್ಟಿಗೆ ಬೇರೆ ಯಾವುದಕ್ಕೂ ಏಟಾಗುವುದಿಲ್ಲ. ಕರೆಂಟೆಲ್ಲ ಶಾರ್ಟ್ ಆದ ಕಡೆಗೇ ಹರಿದು ಅದೊಂದೇ ಬಿಸಿಯಾಗುತ್ತದೆ. ನೋಡುತ್ತಿದ್ದ ಹಾಗೆ ಎಳ್ಳಿನಷ್ಟು ದೊಡ್ಡ, ಕಂದು ಬಣ್ಣದ ಒಂದು ಚೂರಿನ ಮೇಲೆ ಮಾತ್ರ ಆಲ್ಕೋಹಾಲ್ ಆರಿಹೋಯಿತು. ಸುತ್ತ ಎಲ್ಲ ಇನ್ನೂ ಒದ್ದೆ.

"ಇದೇ. ಸೆರಾಮಿಕ್ ಅಲ್ವಾ, ಬೋರ್ಡ್ ಬಾಗಿದ್ರೆ ಬಿರುಕು ಬಿಡತ್ತೆ. ಚಾರ್ಜರ್ ವೈರ್ ಯಾರಾದ್ರೂ ಎಳೀತಾರಾ?"

ನಮ್ಮ ಹಾಲಿನ ಅಡ್ಡಕ್ಕೆ ಮಲಗಿರುವ ಆ ವೈರನ್ನು ಎಡವದವರು ಮನೆಗೆ ಬಂದೇ ಇಲ್ಲ. ಸತ್ಯನಾರಾಯಣ ಪೂಜೆಗೆ ಬಂದ ಪುರೋಹಿತರೂ ಎಡವಿದ್ದಾರೆ.

ಬಿಸಿಗಾಳಿ ಬಿಟ್ಟು ಚೂರನ್ನು ಎತ್ತಿದರು. ಬೀಪ್ ನಿಂತಿತು. ಗುಜರಿ ಬೋರ್ಡೊಂದರಿಂದ ಅಂಥದ್ದೇ ಇನ್ನೊಂದು ತೆಗೆದು ಕೂರಿಸಿದರು. 19 ವೋಲ್ಟ್ ಕೊಟ್ಟು ಬಟನ್ ಒತ್ತಿದರೆ ಮೀಟರಿನ ಆಂಪಿಯರ್ ಏರುತ್ತಾ ಇಳಿಯುತ್ತಾ ಕುಣಿಯಿತು. ಒಂದೇ ಕಡೆ ನಿಂತರೆ ಚಿಂತೆ, ಕುಣಿದರೆ ಬೂಟ್ ಆಗುತ್ತಿದೆ ಅಂತ ಅರ್ಥವಂತೆ. ಪರದೆ ಬಂತು. ಬೋರ್ಡು ಅದೇ ಆದ್ದರಿಂದ 48 ಅಂಕಿ ಯಾರೂ ಕೇಳಲಿಲ್ಲ.

ಮನೆಗೆ ಹೋಗುವಷ್ಟು ವ್ಯವಧಾನ ಇರಲಿಲ್ಲ. ಅಲ್ಲೇ ಸ್ಟೂಲಿನ ಮೇಲೆ ಕೂತು, ಫೋನಿನ ಹಾಟ್‌ಸ್ಪಾಟ್ ಹಾಕಿಕೊಂಡು, ಒಬ್ಬೊಬ್ಬರಿಗೇ ಫೋನ್ ಮಾಡಿ ಓಟಿಪಿ ಕೇಳುತ್ತಾ ರಿಟರ್ನ್ ಹಾಕತೊಡಗಿದೆ. ನಡುವೆ ನಮ್ಮವರ ಫೋನು. 1,500 ರೂಪಾಯಿ ಅಂದೆ. "ಒಂದು ಕೆಪ್ಯಾಸಿಟರಿಗೆ 1,500ಆ? ಅದಕ್ಕೆ ಒಂದು ರೂಪಾಯಿನೂ ಆಗಲ್ಲ," ಅಂದರು. ಸ್ಪೀಕರ್ ಆನ್ ಇತ್ತು. ಅಂಗಡಿಯವರು ಏನೂ ಅನ್ನಲಿಲ್ಲ, ನನ್ನ ಪರದೆ ನೋಡುತ್ತಿದ್ದರು.

"ಮೇಡಂ, ನೀವು ಜಿಎಸ್‌ಟಿ ಮಾಡೋರಾ? ನಂಗೊಂದು ನೋಟಿಸ್ ಬಂದಿದೆ. ಗೊತ್ತಿರೋರು ನೋಡಿ, ನಂಬರ್ರೇ ಕ್ಯಾನ್ಸಲ್ ಆಗಿದೆ ಅಂದ್ರು."

ಫೋನಿನಲ್ಲಿ ತೋರಿಸಿದರು. ಜಿಎಸ್‌ಟಿಆರ್-3ಎ. ರಿಟರ್ನ್ ಹಾಕಿಲ್ಲ, 15 ದಿನದಲ್ಲಿ ಹಾಕಿ ಅನ್ನುವ ನೋಟಿಸು, ಅಷ್ಟೇ.

"ಕ್ಯಾನ್ಸಲ್ ಏನೂ ಆಗಿಲ್ಲ. ನೋಟಿಸಿನಲ್ಲಿರೋ ತಿಂಗಳು ಬಿಸಿನೆಸ್ ಇತ್ತಾ?" ಕೇಳಿದೆ.

"ಇರ್ಲಿಲ್ಲ ಮೇಡಂ, ಊರಿಗೆ ಹೋಗಿದ್ದೆ. ಅದಕ್ಕೇ ಹಾಕ್ಲಿಲ್ಲ."

ಬಿಸಿನೆಸ್ ಇಲ್ಲದಿದ್ದರೂ ನಿಲ್ ರಿಟರ್ನ್ ಹಾಕಬೇಕು, ದಿನಕ್ಕೆ 20 ರೂಪಾಯಿ ಲೇಟ್ ಫೀ ಬರುತ್ತದೆ, ರಿಟರ್ನ್ ಹಾಕಿ ಅದನ್ನು ಕಟ್ಟಿದರೆ ಮುಗಿಯಿತು ಅಂದೆ. ಆಮೇಲೆ ನನ್ನ ಫೀಸು ಹೇಳಿದೆ.

ಅವರು ಮೈಕ್ರೋಸ್ಕೋಪಿನಿಂದ ಪೂರ್ತಿ ತಲೆ ಎತ್ತಿದರು.

"ಏನ್ ಮೇಡಂ, ಬರೀ ಒಂದು ಬಟನ್ ಒತ್ತೋದಕ್ಕೆ ಇಷ್ಟಾ?"