ಯಾವ ಮೀಟಿಂಗಿಗೆ ಹೋಗಿದ್ದರು?

"ಎಎ ಮೀಟಿಂಗಿಗೂ ಕಳುಹಿಸಿ ನೋಡಿದೆವು, ಅವರಿಗೆ ಹಿಡಿಸಲಿಲ್ಲ." ಕುಡಿತದಿಂದ ಬಳಲಿದ ಮನೆಗಳಲ್ಲಿ ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಎಎ ಎಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಸಂಘ. ಯಾವ ಮೀಟಿಂಗ್, ಯಾವ ಭಾಷೆಯದು, ಎಷ್ಟು ಗಂಟೆಗೆ ಎಂದು ಕೇಳಿದರೆ ಉತ್ತರವಿರುವುದಿಲ್ಲ. ಒಂದು ಸಂಜೆ ಹೋಗಿ, ಹಿಂದಿನ ಸಾಲಿನಲ್ಲಿ ಕುಳಿತು, ಎದ್ದು ಬಂದು, ಅಲ್ಲಿಗೆ ಆ ದಾರಿಯನ್ನೇ ಮುಚ್ಚಿಬಿಡುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲಿಯೇ.

ನಾನು ಆಲ್ಕೋಹಾಲಿಕ್ಸ್ ಅನಾನಿಮಸ್ ಸದಸ್ಯಳಲ್ಲ, ನನ್ನ ಅಣ್ಣ ಸದಸ್ಯ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಸದಸ್ಯರು ಹೆಸರು, ಮುಖ ತೋರಿಸಿ ಬಹಿರಂಗವಾಗಿ ಹೇಳಿಕೊಳ್ಳಬಾರದು ಎಂಬುದು ಅಲ್ಲಿಯ ಸಂಪ್ರದಾಯ. ಹಾಗಾಗಿ ಇಂಥದ್ದನ್ನು ಬರೆಯುವ ಕೆಲಸ ಮನೆಯವರ ಪಾಲಿಗೇ ಬರುತ್ತದೆ.

1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಶೇರುಪೇಟೆಯ ಬಿಲ್ ವಿಲ್ಸನ್ ಮತ್ತು ಶಸ್ತ್ರವೈದ್ಯ ಬಾಬ್ ಸ್ಮಿತ್, ಇಬ್ಬರೂ ಕುಡಿತಕ್ಕೆ ಸೋತವರು, ಎದುರುಬದುರು ಕುಳಿತು ಮಾತಾಡಿದ್ದರಿಂದ ಹುಟ್ಟಿದ ಸಂಘ ಇದು. ಸೇರಲು ಬೇಕಾದದ್ದು ಕುಡಿತ ಬಿಡಬೇಕೆಂಬ ಬಯಕೆ ಒಂದೇ. ಶುಲ್ಕವಿಲ್ಲ, ಹೊರಗಿನವರಿಂದ ದೇಣಿಗೆಯನ್ನೂ ಪಡೆಯುವುದಿಲ್ಲ. ಪ್ರತಿ ಗುಂಪೂ ತನ್ನ ಮೀಟಿಂಗನ್ನು ತಾನೇ ನಡೆಸಿಕೊಳ್ಳುತ್ತದೆ. ಹೀಗೆಯೇ ನಡೆಸಿ ಎಂದು ಆಜ್ಞೆ ಮಾಡುವ ಮೇಲಧಿಕಾರಿ ಇಲ್ಲ. ಆದ್ದರಿಂದಲೇ ಒಂದು ಮೀಟಿಂಗ್ ಇನ್ನೊಂದರಂತೆ ಇರುವುದಿಲ್ಲ. ಒಂದು ಕಡೆ ಪುಸ್ತಕ ಓದಿ, ಕುಡಿತ ಬಿಡಲು ಎಎ ಹಾಕಿಕೊಟ್ಟ ಹನ್ನೆರಡು ಹೆಜ್ಜೆಗಳನ್ನು ಬಿಡಿಸಿ ಹೇಳುತ್ತಾರೆ, ಇನ್ನೊಂದು ಕಡೆ ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳಿಕೊಳ್ಳುತ್ತಾರೆ. ಮುಕ್ತ ಮೀಟಿಂಗಿಗೆ ಮನೆಯವರೂ ಹೋಗಬಹುದು. ಮುಚ್ಚಿದ ಮೀಟಿಂಗ್ ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ.

ಬೆಂಗಳೂರಿನಲ್ಲಿ ಅಣ್ಣ ಮೊದಲು ಹೋದದ್ದು ಇಂಗ್ಲಿಷ್ ಮೀಟಿಂಗಿಗೆ. ಅವನು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಮೀಟಿಂಗಿನವರು ಆಡಿದ್ದೆಲ್ಲ ಅರ್ಥವಾಗುತ್ತಿತ್ತು. ಆದರೆ ಹೆಂಡತಿಯ ಸರ ಅಡವಿಟ್ಟು ಕುಡಿದೆ ಎಂಬುದನ್ನು ಆಫೀಸಿನ ಇಂಗ್ಲಿಷಿನಲ್ಲಿ ಹೇಳುವುದು ಹೇಗೆ? ಸುಮ್ಮನೆ ಕುಳಿತು ಬರುತ್ತಿದ್ದ. ಕನ್ನಡದ ಗುಂಪೊಂದು ಸಿಕ್ಕ ಮೇಲೆ ಬಾಯಿ ಬಿಟ್ಟ. ಅಲ್ಲಿ ಕೇಳಿದ್ದನ್ನು ಅವನು ಮನೆಯಲ್ಲಿ ಹೇಳುವುದಿಲ್ಲ, ನಾವೂ ಕೆದಕುವುದಿಲ್ಲ. "ಎಲ್ಲರೂ ಎಷ್ಟು ನಗುತ್ತಾರೆ ಗೊತ್ತಾ!" ಎಂದದ್ದಷ್ಟೇ ನಮಗೆ ಗೊತ್ತು. ಬಾಟಲಿ ಬಚ್ಚಿಡುವ ಜಾಗಗಳ ವಿಷಯಕ್ಕೆ ನಕ್ಕಿರಬೇಕು ಎಂದು ಅತ್ತಿಗೆಯ ಊಹೆ. ಅಕ್ಕಿ ಡಬ್ಬದೊಳಗೆ ಕೈ ಹಾಕಿ ನೋಡಿದವರು ಅವರೇ ಅಲ್ಲವೇ.

ಹೊತ್ತೂ ಮುಖ್ಯ. ಭಾನುವಾರ ಬೆಳಗಿನ ಮೀಟಿಂಗ್ ಮನೆಯವರಿಗೆಲ್ಲ ಅನುಕೂಲ. ಆದರೆ ಅಣ್ಣನಿಗೆ ಕೈ ನಡುಗುತ್ತಿದ್ದದ್ದು ಕೆಲಸ ಬಿಟ್ಟು ಬರುವ ಸಂಜೆ ಏಳರ ಹೊತ್ತಿಗೆ, ಸಂಬಳದ ದಿನ ಇನ್ನೂ ಹೆಚ್ಚು. ಬಾರಿನ ಹೊತ್ತಿಗೇ ಮೀಟಿಂಗ್ ಇರಬೇಕು, ಅದೂ ಕೆಲಸ ಮತ್ತು ಮನೆಯ ನಡುವಿನ ದಾರಿಯಲ್ಲಿ. ಎರಡು ಬಸ್ ಬದಲಿಸಿ ಹೋಗಬೇಕಾದ ಒಳ್ಳೆಯ ಮೀಟಿಂಗಿಗಿಂತ ನಡೆದು ಹೋಗಬಹುದಾದ ಸಾಧಾರಣ ಮೀಟಿಂಗೇ ಮೇಲು ಎಂದು ನನ್ನ ಅಭಿಪ್ರಾಯ.

ಎಷ್ಟೋ ಮೀಟಿಂಗುಗಳು ಚರ್ಚಿನ ಕೋಣೆಯಲ್ಲಿ ನಡೆಯುತ್ತವೆ ಎಂದು ಹೆದರಿ ದೂರ ಉಳಿಯುವವರಿದ್ದಾರೆ, ಮತಾಂತರದ ಗುಮಾನಿಯನ್ನೂ ಕೇಳಿದ್ದೇನೆ. ಅದು ಜಾಗ ಅಷ್ಟೇ. ಹೆಜ್ಜೆಗಳಲ್ಲಿ ದೇವರ ಮಾತು ಬರುವುದು ನಿಜ, ಆದರೆ ತಾನು ಅರಿತ ರೀತಿಯ ದೇವರು ಎಂದೇ ಅಲ್ಲಿದೆ. ನಾಸ್ತಿಕರೂ ಹೇಗೋ ಹೊಂದಿಕೊಂಡಿದ್ದಾರೆ. ಹೆಂಗಸರ ಪಾಡು ಇನ್ನೂ ಕಷ್ಟ: ಇಡೀ ಕೋಣೆಯಲ್ಲಿ ಗಂಡಸರೇ ತುಂಬಿರುವಾಗ ಒಬ್ಬಳೇ ಕುಳಿತು ಮಾತಾಡು ಎಂದರೆ ಯಾರು ಮಾತಾಡುತ್ತಾರೆ? ಅವರು ಹೆಂಗಸರದೇ ಮೀಟಿಂಗ್ ಹುಡುಕಲಿ, ಆನ್‌ಲೈನ್‌ನಲ್ಲಿಯೂ ಇವೆ.

ಊರ ಕಡೆಯವರು ಎಎಗೇ ಅಂಟಿಕೊಳ್ಳಬೇಕಿಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಹಳ್ಳಿಗೇ ಬರುತ್ತವೆ. ಎಂಟು ದಿನದ ಶಿಬಿರ ಮುಗಿದ ಮೇಲೆ, ಕುಡಿತ ಬಿಟ್ಟವರು ಕೂಡುವ ನವಜೀವನ ಸಮಿತಿ ಇರುತ್ತದೆ. ಶಿಬಿರದ ಫೋಟೋ ಹಾಕಿಕೊಳ್ಳುವ ನಾವು ಸಮಿತಿಯ ಸಭೆಗೆ ಹೋದನೇ ಎಂದು ಕೇಳುವುದಿಲ್ಲ. ಭಜನೆ, ಹಾರ, ಕಣ್ಣೀರು ಎಲ್ಲ ಆ ಎಂಟು ದಿನ. ಬಿಟ್ಟಿರಬೇಕಾದದ್ದು ಆಮೇಲಿನ ದಿನಗಳಲ್ಲಿ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ದಿನವೂ ಹೆಚ್ಚು ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಮೊದಲ ಕೆಲವು ದಿನಗಳಲ್ಲೇ ಫಿಟ್ಸ್ ಬರಬಹುದು, ಇಲ್ಲದ್ದು ಕಂಡು ಬಡಬಡಿಸಬಹುದು, ಜೀವಕ್ಕೇ ಅಪಾಯವಾಗಬಹುದು. ಮೊದಲು ವೈದ್ಯರ ಬಳಿ ಹೋಗಿ: ನಿಮ್ಹಾನ್ಸ್ ಆಗಬಹುದು, ಜಿಲ್ಲಾ ಆಸ್ಪತ್ರೆ ಆಗಬಹುದು. ಎಲ್ಲಿಗೆ ಹೋಗುವುದೆಂದು ತಿಳಿಯದಿದ್ದರೆ ವ್ಯಸನಮುಕ್ತಿ ಸಹಾಯವಾಣಿ 14446 ಇದೆ. ವೈದ್ಯರು ಕೊಟ್ಟ ಮಾತ್ರೆ ಬಿಡು ಎಂದು ಮೀಟಿಂಗಿನಲ್ಲಿ ಯಾರಾದರೂ ಉಪದೇಶ ಮಾಡಿದರೆ ಬೇರೆ ಮೀಟಿಂಗ್ ನೋಡಿಕೊಳ್ಳಿ. ಸದಸ್ಯರು ವೈದ್ಯರ ಪಾತ್ರ ವಹಿಸಬಾರದೆಂದು ಎಎ ತಾನೇ ಹೇಳುತ್ತದೆ.

ಮನೆಯವರಿಗೆ ಅಲ್-ಅನಾನ್ ಎಂಬ ಬೇರೆಯೇ ಗುಂಪುಗಳಿವೆ. ಬಿಲ್ ಅವರ ಹೆಂಡತಿ ಲೋಯಿಸ್ 1951ರಲ್ಲಿ ಗೆಳತಿಯೊಬ್ಬರೊಂದಿಗೆ ಕಟ್ಟಿದ್ದು. ಗಂಡ ಕುಡಿತ ಬಿಡಲಿ, ಬಿಡದಿರಲಿ, ಹೆಂಡತಿ ಹೋಗಬಹುದು. ನಮ್ಮ ಅತ್ತಿಗೆ ಅಣ್ಣನಿಗಿಂತ ಮೊದಲೇ ಹೋಗತೊಡಗಿದ್ದರು.

ಹೊರಡುವ ಮುಂಚೆ ಗುಂಪಿನವರಿಗೆ ಒಂದು ಕರೆ ಮಾಡಿ. ಶಾಲೆಯ ಕೋಣೆಗಳಲ್ಲಿ ನಡೆಯುವ ಮೀಟಿಂಗ್ ಪರೀಕ್ಷೆಯ ಕಾಲದಲ್ಲಿ ಜಾಗ ಬದಲಿಸಬಹುದು, ಪಟ್ಟಿಯಲ್ಲಿರುವ ಸಮಯ ಹಳೆಯದಿರಬಹುದು. ಬಹಳ ಕಷ್ಟಪಟ್ಟು ಹೊರಟವನಿಗೆ ಗೇಟಿನ ಬೀಗ ಕಂಡರೆ ಅವನು ನೇರವಾಗಿ ಮನೆಗೆ ಬರುವುದಿಲ್ಲ. ಹೊಸಬರು ಬರುತ್ತಾರೆಂದು ತಿಳಿದರೆ ಯಾರಾದರೂ ಬಸ್ ನಿಲ್ದಾಣದವರೆಗೆ ಬಂದು ಕರೆದುಕೊಂಡು ಹೋಗುವುದೂ ಉಂಟು. ಕೇಳಿ ನೋಡಿ.