ಡಿಕ್ಕಿ, ಸ್ಟೆಪ್ನಿ ಮತ್ತು ಒಂದು ರೈಸ್ ಕುಕ್ಕರ್

ನಮ್ಮನೆಯವರಿಗೆ ಇಂಗ್ಲಿಷ್ ಅಂದರೆ ಪಿತ್ರಾರ್ಜಿತ ಆಸ್ತಿ. ಬ್ರಿಟಿಷರು ಬಿಟ್ಟು ಹೋದದ್ದು, ನಾವು ಕಾಪಾಡಿಕೊಂಡು ಬಂದದ್ದು, ಅಮೆರಿಕದವರು ಹಾಳು ಮಾಡಿದ್ದು. ಇದು ಅವರ ಸಿದ್ಧಾಂತ. ನ್ಯೂಜೆರ್ಸಿಯಲ್ಲಿ ಮಗಳ ಮನೆ, ಅಲ್ಲಿಂದ ಇಂಗ್ಲೆಂಡಿನಲ್ಲಿ ನನ್ನ ತಮ್ಮನ ಮನೆ ಎಲ್ಲ ಮುಗಿಸಿ ಬಂದ ಮೇಲೂ ಸಿದ್ಧಾಂತ ಹಾಗೇ ಇದೆ. ಸಿಕ್ಕಿದ ಸಾಕ್ಷಿಗಳು ಮಾತ್ರ ಎಲ್ಲ ಅದರ ವಿರುದ್ಧ.

ಮಗಳ ಮನೆ ಸೆಕೆಂಡ್ ಫ್ಲೋರಿನಲ್ಲಿ. ಹೋದ ಮರುದಿನ ಬೆಳಗ್ಗೆ ಇವರು ವಾಕಿಂಗ್ ಮುಗಿಸಿ ಬಂದು, ಎರಡು ಮಹಡಿ ಹತ್ತಿ, ಬಲಗಡೆ ಬಾಗಿಲು ತಟ್ಟಿದರು. ಚಡ್ಡಿ ಹಾಕಿಕೊಂಡ ಆರಡಿ ಆಸಾಮಿಯೊಬ್ಬ ನಾಯಿ ಸಮೇತ ಬಾಗಿಲು ತೆಗೆದ. ‘ನೀವು ಯಾರು, ಇಲ್ಲೇನು ಮಾಡ್ತಿದ್ದೀರಿ?’ ಎಂದು ಅವನ ಮನೆಯಲ್ಲೇ ಅವನನ್ನು ವಿಚಾರಿಸಿದ್ದಾರೆ ನಮ್ಮನೆಯವರು. ಅಮೆರಿಕದಲ್ಲಿ ನೆಲಕ್ಕೆ ಅಂಟಿಕೊಂಡಿರುವುದೇ ಫಸ್ಟ್ ಫ್ಲೋರ್. ಗ್ರೌಂಡ್ ಫ್ಲೋರನ್ನು ಲೆಕ್ಕಕ್ಕೇ ಹಿಡಿಯದ ಬುದ್ಧಿ ಬ್ರಿಟಿಷರದ್ದು ಮತ್ತು ನಮ್ಮದು. ಇವರ ಪ್ರಕಾರ ತಪ್ಪು ಕಟ್ಟಡದ್ದು.

ಅದು ಮಾರ್ಚ್ ತಿಂಗಳು. ಫ್ರಿಜ್ಜಿನಲ್ಲಿದ್ದ ದೊಡ್ಡ ಮೊಸರಿನ ಡಬ್ಬಿಯ ಮೇಲೆ 04/03 ಎಂದು ಬರೆದಿತ್ತು. ‘ನಾಲ್ಕನೇ ತಾರೀಖಿಗೇ ಇದರ ಆಯಸ್ಸು ಮುಗಿದಿದೆ, ನೀವೆಲ್ಲ ವಿಷ ತಿಂತಿದ್ದೀರಿ’ ಎಂದು ಇವರು ಡಬ್ಬಿಯನ್ನು ಕಸಕ್ಕೆ ಹಾಕಿದರು. ಅಲ್ಲಿ ತಿಂಗಳು ಮೊದಲು, ತಾರೀಖು ಆಮೇಲೆ. ಏಪ್ರಿಲ್ 3ರವರೆಗೆ ಬಾಳಬೇಕಾಗಿದ್ದ ಮೊಸರು ಅದು. ಅಳಿಯ ಮರ್ಯಾದಸ್ಥ, ಏನೂ ಹೇಳಲಿಲ್ಲ. ಮೊಸರನ್ನ ಇಲ್ಲದೆ ಊಟ ಮುಗಿಸಿ ಎದ್ದ.

ಮೊಮ್ಮಗಳ ಹೋಮ್‌ವರ್ಕಿನ ಕಥೆ ಬೇರೆ. ಅವಳು ಬರೆದ ‘ಕಲರ್’ ಪದದಲ್ಲಿ ಯು ಅಕ್ಷರ ಇರಲಿಲ್ಲ. ತಾತ ಪ್ರೀತಿಯಿಂದ ಪ್ರತಿ ಸಾಲಿಗೂ ಒಂದೊಂದು ಯು ಸೇರಿಸಿದರು. ಟೀಚರ್ ಅಷ್ಟಕ್ಕೂ ಕೆಂಪು ಗೆರೆ ಎಳೆದು ಕಳಿಸಿದರು. ಆ ಯು ಅನ್ನು ನೋವಾ ವೆಬ್‌ಸ್ಟರ್ ಎಂಬಾತ 1828ರ ತನ್ನ ನಿಘಂಟಿನಲ್ಲೇ ಕಿತ್ತು ಹಾಕಿದ್ದಾನೆ, ಅಮೆರಿಕನ್ನರು ನಿಶ್ಚಿಂತೆಯಿಂದ ಇದ್ದಾರೆ ಎಂದು ಮಗಳು ಹೇಳಿದಳು. ‘ಯಾರನ್ನು ಕೇಳಿ ಕಿತ್ತ?’ ಎಂದರು ಇವರು. (ರಬ್ಬರ್ ಕೇಳಲು ಅಂಗಡಿಗೆ ಹೋದ ಕಥೆಯನ್ನು ಅಮೆರಿಕಕ್ಕೆ ಹೋಗಿ ಬಂದ ಎಲ್ಲರೂ ಹೇಳ್ತಾರೆ. ನಾನು ಹೇಳಲ್ಲ.)

ಇನ್ನು ಕುಕ್ಕರ್. ವಿದೇಶಕ್ಕೆ ಹೋಗುವಾಗ ನಮ್ಮವರ ಸೂಟ್‌ಕೇಸಿನಲ್ಲಿ ಏನಿರುತ್ತೆ ಅಂತ ನಿಮಗೇ ಗೊತ್ತು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿದ ರವೆ, ಚಿಕ್ಕಮಗಳೂರಿನ ಕಾಫಿಪುಡಿ. ಅದರ ಮಧ್ಯೆ, ಬನಿಯನ್ನುಗಳಲ್ಲಿ ಸುತ್ತಿದ ಒಂದು ರೈಸ್ ಕುಕ್ಕರ್. ‘ಇಲ್ಲಿ ಸಿಗುತ್ತೆ ಅಪ್ಪಾ’ ಎಂದು ಮಗಳು ಫೋನಿನಲ್ಲಿ ಗೋಗರೆದಿದ್ದಳು. ಇವರು ಕೇಳಲಿಲ್ಲ. ‘ಬೇರೆ ಕುಕ್ಕರಿನ ಅನ್ನ ಉದುರುದುರು ಇರಲ್ಲ.’

ಒಂದು ಶನಿವಾರ ಮಗಳು ಅಳಿಯ ಹೊರಗೆ ಹೋಗಿದ್ದಾಗ ಇವರು ಅಡಾಪ್ಟರ್ ಸಿಕ್ಕಿಸಿ ಕುಕ್ಕರ್ ಇಟ್ಟರು. ಮೊದಲು ಸ್ವಿಚ್ಚಿನದ್ದೇ ಗೊಂದಲ. ನಮ್ಮಲ್ಲಿ ಕೆಳಗೆ ಒತ್ತಿದರೆ ಆನ್, ಅಲ್ಲಿ ಮೇಲೆ ಎತ್ತಿದರೆ ಆನ್. ಅಂತೂ ಕೆಂಪು ದೀಪ ಹತ್ತಿತು. ಅರ್ಧ ಗಂಟೆ ಆಯಿತು, ಆವಿ ಇಲ್ಲ. ಒಂದು ಗಂಟೆ ಆಯಿತು. ಮುಚ್ಚಳ ತೆಗೆದು ನೋಡಿದೆ. ಅಕ್ಕಿ ಹಾಯಾಗಿ ಬಿಸಿನೀರ ಸ್ನಾನ ಮಾಡುತ್ತಿತ್ತು. ದೋಸೆಗೆ ರುಬ್ಬಬಹುದಿತ್ತು, ಅಷ್ಟು ಚೆನ್ನಾಗಿ ನೆನೆದಿತ್ತು.

ನಮ್ಮನೆಯವರು ಮೂವತ್ತು ವರ್ಷಕ್ಕೂ ಮೇಲೆ ಕರೆಂಟಿನ ಕೆಲಸದಲ್ಲಿದ್ದು ನಿವೃತ್ತರಾದವರು. ತಕ್ಷಣ ಪೇಪರ್ ಪೆನ್ ತೆಗೆದುಕೊಂಡರು. ನಮ್ಮದು 230 ವೋಲ್ಟ್, ಇಲ್ಲಿಯದು 120. ವೋಲ್ಟೇಜ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದರೆ ಶಾಖ ಅರ್ಧ ಆಗಲ್ಲ, ಅದರ ವರ್ಗದ ಲೆಕ್ಕದಲ್ಲಿ ಇಳಿಯುತ್ತೆ, ಅಂದರೆ ಹತ್ತಿರ ಹತ್ತಿರ ಕಾಲು ಭಾಗ. 700 ವ್ಯಾಟಿನ ಕುಕ್ಕರ್ ಅಲ್ಲಿ 190 ವ್ಯಾಟಿನದ್ದು. ಲೆಕ್ಕ ನೂರಕ್ಕೆ ನೂರು ಸರಿ. ಅದನ್ನು ಬೆಂಗಳೂರಿನಲ್ಲೇ ಹಾಕಿದ್ದರೆ ಸೂಟ್‌ಕೇಸಿನಲ್ಲಿ ನನ್ನ ಎರಡು ಸೀರೆಗಳಿಗೆ ಜಾಗ ಸಿಗುತ್ತಿತ್ತು ಅಂದೆ. ಅದಕ್ಕೆ ಉತ್ತರ ಬರಲಿಲ್ಲ.

ಅದೇ ಕುಕ್ಕರ್ ಇಂಗ್ಲೆಂಡಿಗೆ ಕಾಲಿಟ್ಟದ್ದೇ ತಡ, ಜೀವ ಬಂತು. ಅಲ್ಲಿಯೂ 230 ವೋಲ್ಟ್. ಇಪ್ಪತ್ತು ನಿಮಿಷಕ್ಕೆ ಉದುರುದುರು ಅನ್ನ! ‘ನೋಡಿದ್ಯಾ, ಎಷ್ಟಾದರೂ ಬ್ರಿಟಿಷರು ನಮ್ಮವರು’ ಎಂದು ಇವರು ಭಾವುಕರಾದರು. ಆದರೆ ಪ್ಲಗ್ ಮಾತ್ರ ನಮ್ಮದಲ್ಲ. ನಮ್ಮ ಮನೆಗಳಲ್ಲಿರುವ ದುಂಡು ಪಿನ್ನಿನ ಪ್ಲಗ್ ಬ್ರಿಟಿಷರ ಹಳೇ ಮಾದರಿ. ಅವರು ಈಗ ಬಳಸುವ ಚಪ್ಪಟೆ ಪಿನ್ನಿನದ್ದಕ್ಕೆ ಮಾನದಂಡ ಬರೆದದ್ದು ಯಾವಾಗ ಗೊತ್ತಾ? 1947ರಲ್ಲಿ. ನಮ್ಮನ್ನು ಬಿಟ್ಟ ವರ್ಷವೇ ಹಳೇ ಪ್ಲಗ್ಗನ್ನೂ ಬಿಡೋಕೆ ಶುರು ಮಾಡಿದರು. ನಾವು ಇವತ್ತಿಗೂ ಅದಕ್ಕೇ ಮೊಬೈಲ್ ಸಿಕ್ಕಿಸುತ್ತಿದ್ದೇವೆ.

ಮಾತಿನಲ್ಲೂ ಹಾಗೇ. ಅಮೆರಿಕದಲ್ಲಿ ಕಾರಿನ ಹಿಂಭಾಗಕ್ಕೆ ಟ್ರಂಕ್ ಅನ್ನಬೇಕು ಎಂದು ಮಗಳು ಇವರಿಗೆ ಕಷ್ಟಪಟ್ಟು ಕಲಿಸಿದ್ದಳು. ಟ್ರಂಕ್ ಅಂದರೆ ಇವರಿಗೆ ಹಾಸ್ಟೆಲ್ಲಿಗೆ ಹೊತ್ತುಕೊಂಡು ಹೋಗಿದ್ದ ತಗಡಿನ ಪೆಟ್ಟಿಗೆ. ಅಂತೂ ಒಗ್ಗಿಸಿಕೊಂಡು, ಲಂಡನ್ ಏರ್‌ಪೋರ್ಟಿನಲ್ಲಿ ತಮ್ಮನ ಮಗನಿಗೆ ‘ಟ್ರಂಕ್ ತೆಗಿಯಪ್ಪ’ ಅಂದರು. ‘ಬೂಟ್, ಮಾಮಾ’ ಎಂದು ಅವನು ತಿದ್ದಿದ. ಇವರು ಕೆಳಗೆ ಬಗ್ಗಿ ತಮ್ಮ ಶೂ ನೋಡಿಕೊಂಡರು. ಆಮೇಲೆ ಸಿಟ್ಟು ಬಂತು. ‘ನೀವಿಬ್ಬರೂ ಬೇಡ. ನಮ್ಮಲ್ಲಿ ಅದಕ್ಕೆ ಡಿಕ್ಕಿ ಅಂತೀವಿ!’ ಹುಡುಗ ಬಿದ್ದು ಬಿದ್ದು ನಕ್ಕ. ಹಿಂದಿನ ಕಾಲದ ಕಾರುಗಳ ಹಿಂದೆ ಮಡಚಿ ತೆಗೆಯುವ ಒಂದು ಸೀಟಿತ್ತಲ್ಲ, ಅದಕ್ಕೆ ಬ್ರಿಟಿಷರು ಡಿಕ್ಕಿ ಅನ್ನುತ್ತಿದ್ದರು. ಸೀಟೂ ಹೋಯಿತು, ಅವರ ಬಾಯಿಂದ ಮಾತೂ ಹೋಯಿತು. ನಮ್ಮಲ್ಲಿ ಮಾತ್ರ ಲಾರಿ ಬಂದು ಡಿಕ್ಕಿ ಹೊಡೆದರೆ ನುಗ್ಗಾಗುವುದು ಡಿಕ್ಕಿಯೇ.

ಸ್ಟೆಪ್ನಿ ಇನ್ನೂ ಮಜಾ. ಮೊದಮೊದಲ ಕಾರುಗಳಿಗೆ ಹೆಚ್ಚುವರಿ ಚಕ್ರವೇ ಇರಲಿಲ್ಲ. 1904ರ ಸುಮಾರಿಗೆ ವೇಲ್ಸ್‌ನ ಲನೆಲಿ ಎಂಬ ಊರಿನಲ್ಲಿ ಡೇವಿಸ್ ಎಂಬ ಅಣ್ಣತಮ್ಮಂದಿರು ಅದನ್ನು ಮಾಡಿದರು. ಅವರು ಕೆಲಸ ಮಾಡುತ್ತಿದ್ದದ್ದು ಸ್ಟೆಪ್ನಿ ಸ್ಟ್ರೀಟಿನಲ್ಲಿ. ಬೀದಿಯ ಹೆಸರೇ ಚಕ್ರಕ್ಕೆ ಬಂತು. ಈಗ ಬ್ರಿಟನ್ನಿನಲ್ಲಿ ‘ಸ್ಟೆಪ್ನಿ ಎಲ್ಲಿದೆ’ ಎಂದು ಕೇಳಿದರೆ ಪೂರ್ವ ಲಂಡನ್ನಿನ ಒಂದು ಬಡಾವಣೆಗೆ ದಾರಿ ತೋರಿಸುತ್ತಾರೆ. ಚಕ್ರ ಬೇಕಾದರೆ ತುಮಕೂರಿನ ಪಂಕ್ಚರ್ ಅಂಗಡಿಯಲ್ಲಿ ಕೇಳಬೇಕು.

ಕಾಫಿಯ ವಿಷಯದಲ್ಲಿ ನಾನು ಯಾರ ಪಕ್ಷವೂ ಅಲ್ಲ. 1942ರಲ್ಲಿ ಬ್ರಿಟನ್ನಿಗೆ ಹೊರಟ ತನ್ನ ಸೈನಿಕರಿಗೆ ಅಮೆರಿಕದ ಯುದ್ಧ ಇಲಾಖೆ ಒಂದು ಪುಟ್ಟ ಕೈಪಿಡಿ ಹಂಚಿತ್ತು. ಅವರಿಗೆ ಒಳ್ಳೇ ಕಾಫಿ ಮಾಡೋಕೆ ಬರಲ್ಲ, ನಿಮಗೆ ಒಳ್ಳೇ ಟೀ ಮಾಡೋಕೆ ಬರಲ್ಲ, ಅಲ್ಲಿಗಲ್ಲಿಗೆ ಸರಿಹೋಯಿತು ಎಂಬ ಅರ್ಥದ ಮಾತು ಅದರಲ್ಲಿದೆ. ಅರ್ಧ ಸತ್ಯ. ಎರಡೂ ಕಡೆ ಕುಡಿದವಳಾಗಿ ಹೇಳ್ತೀನಿ, ಇಬ್ಬರಿಗೂ ಎರಡೂ ಬರಲ್ಲ.

ಕೊನೆಗೆ ಪಬ್ಬಿನ ವಿಷಯ ಹೇಳಲೇಬೇಕು. ಹಳ್ಳಿ ಕಡೆಯ ಒಂದು ಹಳೇ ಪಬ್ಬಿಗೆ ತಮ್ಮ ಕರೆದುಕೊಂಡು ಹೋಗಿ, ನಮ್ಮನ್ನು ಕೂರಿಸಿ, ಕಾರು ನಿಲ್ಲಿಸಿ ಬರ್ತೀನಿ ಎಂದು ಹೋದ. ಪಕ್ಕದ ಮೇಜಿನಲ್ಲಿ ಅಮೆರಿಕದ ಗಂಡ ಹೆಂಡತಿ. ಅವರು ವೇಟರ್ ಬರುತ್ತಾನೆಂದು ಕಾದರು. ನಾವೂ ಕಾದೆವು. ಯಾರೂ ಬರಲಿಲ್ಲ. ಪಬ್ಬಿನಲ್ಲಿ ನಾವೇ ಎದ್ದು ಹೋಗಿ ಕೌಂಟರಿನಲ್ಲಿ ಹೇಳಬೇಕು. ಅಲ್ಲಿದ್ದ ಊರಿನವರಿಗೆಲ್ಲ ಅದು ಗೊತ್ತಿತ್ತು. ಆದರೆ ಪರಿಚಯವಿಲ್ಲದವರಿಗೆ ಹೇಗೆ ಹೇಳೋದು ಎಂಬ ಸಂಕೋಚಕ್ಕೆ ಎಲ್ಲರೂ ತಮ್ಮ ಗ್ಲಾಸನ್ನೇ ನೋಡುತ್ತಾ ಕುಳಿತಿದ್ದರು.

ಕಾಯುವವರು ಮಾತಿಗಿಳಿದರು. ಆ ದಂಪತಿ ಹತ್ತು ದಿನದಲ್ಲಿ ಐದು ದೇಶ ನೋಡಿ ಮುಗಿಸಬೇಕಿತ್ತು. ಪಾಪ, ಸಂಬಳದ ರಜೆ ಕೊಡಲೇಬೇಕು ಎಂಬ ಕೇಂದ್ರ ಕಾನೂನೇ ಅಮೆರಿಕದಲ್ಲಿಲ್ಲ. ಬ್ರಿಟನ್ನಿನಲ್ಲಿ ವಾರಕ್ಕೆ ಐದು ದಿನ ದುಡಿಯುವವರಿಗೆ ವರ್ಷಕ್ಕೆ 28 ದಿನ. ಹಾಗಾಗಿ ತಮ್ಮನ ಪಕ್ಕದ ಮನೆಯವರು ಪ್ರತಿ ವರ್ಷ ಸ್ಪೇನಿನ ಅದೇ ಸಮುದ್ರದ ದಂಡೆಗೆ ಹೋಗಿ ಎರಡು ವಾರ ಸುಮ್ನೆ ಮಲಗಿ ಬರುತ್ತಾರೆ. ‘ನೀವು ಎಷ್ಟು ದಿನ ಇದ್ದಿರಿ ನಮ್ಮ ದೇಶದಲ್ಲಿ?’ ಎಂದು ಆ ಹೆಂಗಸು ಕೇಳಿದರು. ‘ಆರು ತಿಂಗಳು’ ಅಂದೆ. ‘ಏನೇನು ನೋಡಿದಿರಿ?’ ನಯಾಗರ, ದೇವಸ್ಥಾನ, ಕಾಸ್ಟ್‌ಕೋ ಅಂಗಡಿ. ಅವರು ಇನ್ನೂ ಇದೆ ಅಂತ ಕಾಯುತ್ತಿದ್ದರು. ಇರಲಿಲ್ಲ.

ಅಷ್ಟರಲ್ಲಿ ತಮ್ಮ ಬಂದು ಎಲ್ಲರಿಗೂ ಕೌಂಟರಿನ ದಾರಿ ತೋರಿಸಿದ. ಅಮೆರಿಕದಾತ ಸ್ಯಾಂಡ್‌ವಿಚ್ಚಿನ ಜೊತೆ ಚಿಪ್ಸ್ ಕೇಳಿದ. ಬಿಸಿಬಿಸಿ, ಬೆರಳು ದಪ್ಪದ ಆಲೂಗೆಡ್ಡೆ ಬಂತು. ‘ಇದು ಫ್ರೈಸ್’ ಎಂದ ಆತ. ‘ಇದು ಚಿಪ್ಸ್. ನೀವು ಕೇಳುತ್ತಿರೋದು ಕ್ರಿಸ್ಪ್ಸ್’ ಎಂದಳು ಕೌಂಟರಿನ ಹುಡುಗಿ. ನಮ್ಮನೆಯವರು ಎದ್ದು ನಿಂತರು. ಯುದ್ಧದ ಸಮಯದಲ್ಲಿ ‘ಟೇಬಲ್’ ಎಂಬ ಒಂದು ಮಾತಿಗೆ ಬ್ರಿಟಿಷರಲ್ಲಿ ಈಗಲೇ ಚರ್ಚಿಸೋಣ ಎಂದೂ ಅಮೆರಿಕನ್ನರಲ್ಲಿ ಪಕ್ಕಕ್ಕಿಡೋಣ ಎಂದೂ ಅರ್ಥವಿದ್ದು, ಎರಡೂ ಕಡೆಯ ಅಧಿಕಾರಿಗಳು ಒಂದೇ ಅಭಿಪ್ರಾಯ ಇಟ್ಟುಕೊಂಡು ಜಗಳವಾಡಿದ್ದನ್ನು ಚರ್ಚಿಲ್ ಬರೆದಿದ್ದಾನೆ ಎಂದು ಇಬ್ಬರಿಗೂ ವಿವರಿಸಿದರು. ಆಮೇಲೆ ತೀರ್ಪು ಕೊಟ್ಟರು: ‘ಇದು ಎರಡೂ ಅಲ್ಲ. ಫಿಂಗರ್ ಚಿಪ್ಸ್.’

ಹುಡುಗಿ ಏನೂ ಹೇಳದೆ ಒಳಗೆ ಹೋದಳು. ಅಮೆರಿಕದಾತನಿಗೆ ಮಾತ್ರ ಇವರ ಮೇಲೆ ಗೌರವ ಬಂದಿತ್ತು. ಇಷ್ಟು ಖಡಕ್ ಬ್ರಿಟಿಷ್ ಇಂಗ್ಲಿಷ್ ಎಲ್ಲಿ ಕಲಿತಿರಿ ಎಂದು ಕೇಳಿದ.

‘ಅರಸೀಕೆರೆ’ ಎಂದರು ಇವರು.

‘ಓ, ಅದು ಲಂಡನ್ನಿನಿಂದ ಎಷ್ಟು ದೂರ?’

‘ಲಂಡನ್ ಗೊತ್ತಿಲ್ಲ. ಹಾಸನದಿಂದ ಒಂದು ಗಂಟೆ.’